ಸರ್ಕಾರಿ ಶಾಲೆಗೆ ನಾನು ಹಾಕಿದ ಮಾರ್ಕು

ಮೌಲ್ಯ... ಮೌಲ್ಯಮಾ... ಇಲ್ಲ, ಮತ್ತೆ ತಪ್ಪಿತು. ಒಂದು ಶಾಲೆ ಹೇಗಿದೆ ಅಂತ ನೋಡಿ ಮಾರ್ಕು ಹಾಕುವುದಕ್ಕೆ ಒಂದು ಉದ್ದನೆಯ ಪದ ಇದೆಯಲ್ಲ, ಅದು. ಮಗಳು ಹೇಳಿಕೊಟ್ಟಾಗ ಸರಿಯಾಗಿಯೇ ಬಾಯಿಗೆ ಬರುತ್ತದೆ. ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟುವಷ್ಟರಲ್ಲಿ ಅರ್ಧ ಉದುರಿಹೋಗಿ, ಆ ಜಾಗದಲ್ಲಿ ಇನ್ನೊಂದು ಪದ ಬಂದು ಕೂತಿರುತ್ತದೆ. ಹೀಗೆ ನನಗೆ ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ನಾನು ವಿಜಯಪುರದ ಕಡೆಯ ಹಳ್ಳಿಯವಳು. ಮಗಳ ಬಾಣಂತನಕ್ಕೆಂದು ಮಾರೇನಹಳ್ಳಿಗೆ ಬಂದೆ. ಕೂಸಿಗೆ ಆರು ವರ್ಷ ತುಂಬಿದೆ, ನನ್ನ ಬಾಣಂತನ ಇನ್ನೂ ಮುಗಿದಿಲ್ಲ.

ಆ ಕೂಸನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಿತ್ತು. ಮನೆಯಲ್ಲಿ ಅವಳ ಬಾಯಿಗೆ ಬಿಡುವಿಲ್ಲ. ಹೊರಗಿನವರು ಎದುರಿಗೆ ಬಂದರೆ ಮಾತ್ರ ಹೊಲಿಗೆ ಹಾಕಿದ ಹಾಗೆ ಮುಚ್ಚಿಬಿಡುತ್ತದೆ. ದೊಡ್ಡದೊಂದು ಕಾನ್ವೆಂಟಿನಲ್ಲಿ ಹಣ್ಣಿನ ಚಿತ್ರ ತೋರಿಸಿ ಇದೇನು, ಅದೇನು ಅಂತ ಕೇಳಿದರು. ಇವಳು ಹಣ್ಣನ್ನೂ ನೋಡಲಿಲ್ಲ, ಕೇಳಿದವರನ್ನೂ ನೋಡಲಿಲ್ಲ. "ಮಗು ಮಾತೇ ಆಡಲ್ವಲ್ಲ, ಮುಂದಿನ ವರ್ಷ ನೋಡೋಣ" ಅಂದು ಕಳಿಸಿದರು. ಮಗಳು ಆಟೋದಲ್ಲಿ ಮನೆ ಬರುವವರೆಗೂ ಅತ್ತಳು.

ಅಳಿಯ, "ಪಕ್ಕದ ರಸ್ತೇಲೇ ಸರ್ಕಾರಿ ಶಾಲೆ ಇದೆಯಲ್ಲ" ಅಂದರು. ಮಗಳು, "ಅಲ್ಲಿ ಹೋದ್ರೆ ಇನ್ನೂ ಮುದುರ್ಕೋತಾಳೆ ಅಷ್ಟೇ" ಅಂದಳು. ಇಬ್ಬರಿಗೂ ರಜೆ ಸಿಗಲಿಲ್ಲ. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಟೀಚರು, ಊಟ, ಬಾತ್‌ರೂಮು, ಹೆಡ್ ಮೇಡಮ್ಮು ಅಂತ ಬರೆದು, "ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಅಂತ ಹಾಕ್ಕೊಂಡು ಬಾಮ್ಮಾ" ಅಂತ ನನ್ನನ್ನು ಕಳಿಸಿದರು.

ಮೂಲೆ

ಹೆಡ್ ಮೇಡಮ್ಮಿನ ಕೋಣೆಗೆ ಹೋಗಿ ನಮಸ್ಕಾರ ಮಾಡಿ ಹೇಳಿದೆ: "ನಾ ಮೂಲೆಮಾಪನಕ್ಕ ಬಂದೀನ್ರೀ."

ಅವರ ಮುಖ ಅರಳಿತು. "ಅಯ್ಯೋ ಬನ್ನಿ ಬನ್ನಿ! ಎಷ್ಟು ಲೆಟರ್ ಬರೆದ್ವಿ, ಕೊನೆಗೂ ಕಳಿಸಿದ್ರಲ್ಲ!"

ಕೂರಿ ಅಂತಲೂ ಅನ್ನದೆ ನೇರ ಮೂರನೇ ಕ್ಲಾಸಿಗೆ ಕರೆದುಕೊಂಡು ಹೋಗಿ ಸೂರು ತೋರಿಸಿದರು. "ಇದೇ ಮೂಲೆ ನೋಡಿ. ಮಳೆ ಬಂದ್ರೆ ಬಕೆಟ್ ಇಡ್ತೀವಿ. ಗೋಡೆ ಹೆಂಗೆ ಪಾಚಿ ಕಟ್ಟಿದೆ ನೋಡಿ." ಶಾಲೆ ನೋಡಲು ಬಂದವರಿಗೆ ಮೊದಲು ಸೋರುವ ಜಾಗ ತೋರಿಸುವವರನ್ನು ನಾನು ಎಲ್ಲೂ ಕಂಡಿರಲಿಲ್ಲ. ಎಂಥ ಸತ್ಯವಂತೆ ಅಂತ ಮನಸ್ಸಿನಲ್ಲೇ ಅವರಿಗೆ ಒಂಬತ್ತು ಹಾಕಿಬಿಟ್ಟೆ.

"ಟೇಪು ತಂದಿಲ್ವಾ?" ಅಂದರು.

"ಟೇಪ್ ಎದಕ್ರೀ? ನಾ ಕಣ್ಣಾಗ ನೋಡೇ ಹೇಳ್ತೀನಿ."

"ಮತ್ತೆ ಇಂಜಿನಿಯರ್ ಬರಲ್ವಾ?"

"ಮೊಮ್ಮಗಳನ್ನ ಸಾಲಿಗಿ ಹಾಕಾಕ ಇಂಜಿನಿಯರ್ ಯಾಕ ಬೇಕ್ರೀ? ಅಜ್ಜಿ ಸಾಲಂಗಿಲ್ಲೇನು?"

ಅವರು ಬೆಂಚಿನ ಮೇಲೆ ಕುಸಿದು ಕೂತರು. "ಮೌಲ್ಯಮಾಪನ ಅನ್ನಿ ಅಜ್ಜಿ! ನಾನು ಕಾಯ್ತಾ ಇರೋದು ಮೂಲೆ ಅಳೆಯೋರನ್ನ."

ನಾನು ನಾಚಿಕೆಯಿಂದ ಸೆರಗು ಸರಿಮಾಡಿಕೊಂಡು ಹೊರಟೆ. ಅವರು ಬಿಡಲಿಲ್ಲ. "ಬಂದಿದ್ದೀರಲ್ಲ, ನಿಮ್ಮ ಬುಕ್ಕಲ್ಲಿ ಇದನ್ನೂ ಬರ್ಕೊಳ್ಳಿ. ಮಿಕ್ಕ ಮೂರು ಮೂಲೆ ಚೆನ್ನಾಗಿ ಒಣಗಿವೆ."

ಪಾಟಿ

ನಮ್ಮ ಕಡೆ ಸ್ಲೇಟಿಗೆ ಪಾಟಿ ಅನ್ನುತ್ತೇವೆ. ಇದು ಮೊದಲೇ ಗೊತ್ತಿರಲಿ.

ಒಂದನೇ ಕ್ಲಾಸಿನಲ್ಲಿ ಮಕ್ಕಳು ಚಾಪೆಯ ಮೇಲೆ ಗುಂಪಾಗಿ ಕೂತು ಸ್ಲೇಟಿನ ಮೇಲೆ ಅ ಆ ತಿದ್ದುತ್ತಿದ್ದವು. ಎರಡು ಜಡೆಯ ಒಂದು ಹುಡುಗಿ ಮಾತ್ರ ಸುಮ್ಮನೆ ಕೂತಿತ್ತು. ಅದರ ಪಕ್ಕ ಹೋಗಿ ಕೂತೆ.

"ಯಾಕವ್ವಾ, ನಿನ್ನ ಪಾಟಿ ಎಲ್ಲಿ?"

"ಮನೇಲಿ."

"ಯಾಕ, ಏನಾತು?"

"ಮೊನ್ನೆ ಬಿದ್ಬಿಡ್ತು. ಮುರ್ದೋಯ್ತು."

"ಅಯ್ಯ! ಹಳೇದಿತ್ತೇನು?"

ಹುಡುಗಿ ಸ್ವಲ್ಪ ಯೋಚಿಸಿ, "ತುಂಬಾ ಹಳೇದು" ಅಂದಿತು.

"ಹೋಗ್ಲಿ ಬಿಡು. ಅದನ್ನ ಹೊರಗ ಒಗದುಬಿಡ್ರಿ. ನಿಮ್ಮಪ್ಪಗ ಹೇಳಿ ಹೊಸದೊಂದು ತರಿಸ್ಕೊ."

ಹುಡುಗಿ ನನ್ನ ಮುಖ ನೋಡಿದ್ದೇ ಸೂರು ಹಾರಿಹೋಗುವ ಹಾಗೆ ಅಳತೊಡಗಿತು. ಟೀಚರು ಓಡಿಬಂದಳು. ವಿಚಾರಿಸಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಅಜ್ಜಿ, ಇವಳ ಮನೇಲಿ ತಮಿಳು. ಪಾಟಿ ಅಂದ್ರೆ ಅಜ್ಜಿ. ಪಾಪ, ಬಿದ್ದು ಕಾಲು ಮುರ್ಕೊಂಡಿದಾರೆ. ನೀವು ಅವರನ್ನ ಬಿಸಾಕಿ ಹೊಸ ಅಜ್ಜಿ ತರ್ಸು ಅಂದ್ರಿ" ಅಂದಳು.

ಭೂಮಿ ಬಿರಿದರೆ ಒಳಗೆ ಹೋಗೋಣ ಅನ್ನಿಸಿತು. ಟೀಚರು ಆ ಹುಡುಗಿಯನ್ನು ಸೊಂಟಕ್ಕೆ ಏರಿಸಿಕೊಂಡು, ಇನ್ನೊಂದು ಕೈಯಲ್ಲಿ ಉಳಿದವರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತ ಪಾಠ ಮುಂದುವರಿಸಿದಳು. ಅವಳಿಗೂ ಒಂಬತ್ತು ಹಾಕಿದೆ.

ಮರುದಿನ ಗೇಟಿನ ಹತ್ತಿರವೇ ಎರಡು ಜಡೆ ನನ್ನನ್ನು ಹಿಡಿಯಿತು. "ಅಜ್ಜೀ, ನಿಮ್ಮ ಮನೆ ಎಲ್ಲಿ ಅಂತ ಪಾಟಿ ಕೇಳ್ಕೊಂಡು ಬರಕ್ಕೆ ಹೇಳ್ತು."

ರುಚಿ

ಎರಡನೆಯ ದಿನ ಊಟ ನೋಡಲು ಹೋದೆ. ಶಾಲೆಯಲ್ಲಿ ಒಂದು ಪದ್ಧತಿ ಇದೆ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಟೀಚರು, ಮಕ್ಕಳ ತಾಯಂದಿರಲ್ಲಿ ಒಬ್ಬರು ಉಂಡು ರುಚಿ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ದಿನದ ತಾಯಿ ಬಂದಿರಲಿಲ್ಲ. ಅಡುಗೆಯಾಕೆ ನನ್ನ ಕೈಗೆ ತಟ್ಟೆ ಕೊಟ್ಟು, "ತಾಯಿ ಇಲ್ದಿದ್ರೆ ಅಜ್ಜಿ. ಕೂತ್ಕೊಳ್ಳಿ" ಅಂದಳು.

ಅನ್ನ, ಸಾಂಬಾರು. ಉಂಡು ಪುಸ್ತಕ ತೆರೆದೆ. ಮೇಲಿಂದ ಕೆಳಗಿನವರೆಗೆ ಎಲ್ಲರೂ "ಚೆನ್ನಾಗಿದೆ", "ಚೆನ್ನಾಗಿದೆ" ಅಂತಲೇ ಬರೆದಿದ್ದರು. ರುಚಿ ನೋಡು ಅಂದ ಮೇಲೆ ಸರಿಯಾಗಿ ನೋಡಬೇಕಲ್ಲ? ನಾನು ಬರೆದೆ: "ಬೇಳಿ ಬೆಂದದ. ಉಪ್ಪು ಬರೋಬರಿ. ಖಾರ ಎಲ್ಲಿ ಅದ ಹುಡುಕಬೇಕು. ಎರಡು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಇದ್ದರ ಊಟ ಅನ್ನಬಹುದಿತ್ತು."

ಹೆಡ್ ಮೇಡಮ್ ಓದಿ ತಲೆ ಹಿಡಿದುಕೊಂಡರು. "ಅಜ್ಜಿ, ಈ ಪುಸ್ತಕ ಮೇಲಿನೋರು ನೋಡ್ತಾರೆ! ನಾನು ರೊಟ್ಟಿ ಎಲ್ಲಿಂದ ತರ್ಲಿ?"

ಅಡುಗೆಯಾಕೆ ಸೌಟು ಕೆಳಗಿಡದೆ ಹೇಳಿದಳು: "ಯೋಚ್ನೆ ಮಾಡ್ಬೇಡಿ ಮೇಡಂ. ಕೆಳಗಡೆ ಇನ್ನೊಂದು ಸಾಲು ಸೇರ್ಸಿ. ರುಚಿ ನೋಡಿದೋರು ಮೂರು ಸಲ ಹಾಕಿಸ್ಕೊಂಡ್ರು."

ಅಡ್ಮಿಷನ್

ಆ ಸಂಜೆ ಚಹಾ ಕುಡಿಯುತ್ತ ನೋಟ್‌ಬುಕ್ ತೆಗೆದು ಮಗಳು-ಅಳಿಯನಿಗೆ ಮಾರ್ಕುಗಳನ್ನೆಲ್ಲ ಓದಿ ಹೇಳಿದೆ. ಮೊಮ್ಮಗಳು ಅಲ್ಲೇ ನೆಲದ ಮೇಲೆ ಬಣ್ಣ ತುಂಬುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ಯಾರೂ ಅಂದುಕೊಳ್ಳಲಿಲ್ಲ.

ಶನಿವಾರ ನಾವು ನಾಲ್ವರೂ ಹೋದೆವು. "ಇಲ್ಲೂ ಬಾಯಿ ಬಿಡ್ಲಿಲ್ಲ ಅಂದ್ರೆ ಏನ್ ಮಾಡೋದಮ್ಮಾ?" ಅಂತ ಮಗಳು ಗೇಟಿನಲ್ಲೇ ಪಿಸುಗುಟ್ಟಿದಳು. ನನಗೂ ಅದೇ ಭಯ. ಒಳಗೆ ಹೋದ ಕೂಡಲೇ ಮೊಮ್ಮಗಳು ಅಮ್ಮನ ದುಪಟ್ಟಾದೊಳಗೆ ಮುಖ ಹುದುಗಿಸಿದಳು. ಹೆಡ್ ಮೇಡಮ್ ಅವಳನ್ನು ಏನೂ ಕೇಳಲಿಲ್ಲ. ಹಣ್ಣೂ ಇಲ್ಲ, ಬಣ್ಣವೂ ಇಲ್ಲ. ಫಾರಂ ಎಳೆದುಕೊಂಡು ನಮ್ಮ ಕಡೆ ತಿರುಗಿ ಬರೆಯತೊಡಗಿದರು.

"ತಂದೆ ಏನ್ ಕೆಲಸ ಮಾಡ್ತಾರೆ?"

ಅಳಿಯ ಬಾಯಿ ತೆರೆಯುವ ಮೊದಲೇ ದುಪಟ್ಟಾದೊಳಗಿಂದ ಸಣ್ಣ ದನಿ ಬಂತು. "ಅಮ್ಮ ಹೇಳಿದ್ದು ಮಾಡ್ತಾರೆ."

ಅಳಿಯ ಕೆಮ್ಮಿದರು. ಹೆಡ್ ಮೇಡಮ್ ತಲೆ ಎತ್ತದೆ, ಬರೆಯುತ್ತಿರುವವರ ಹಾಗೆಯೇ, "ಸರಿ. ಅಮ್ಮ?" ಅಂದರು.

"ಆಫೀಸಲ್ಲಿ ಫೋನಲ್ಲಿ ನಗ್ತಾರೆ. ಫೋನ್ ಇಟ್ಮೇಲೆ ಬೈತಾರೆ."

"ಅಜ್ಜಿ?"

"ಅಜ್ಜಿ ಮಾರ್ಕ್ಸ್ ಹಾಕ್ತಾರೆ." ದುಪಟ್ಟಾ ಸರಿದು ಪೂರ್ತಿ ಮುಖ ಹೊರಗೆ ಬಂತು. "ನಿಮ್ ಸ್ಕೂಲ್‌ಗೂ ಹಾಕಿದಾರೆ."

ನಾನು ಅವಳ ತೋಳು ಚಿವುಟಿದೆ. ತಡವಾಗಿತ್ತು.

"ಟೀಚರ್‌ಗೆ ಒಂಬತ್ತು. ಸಾಂಬಾರ್‌ಗೆ ಏಳು. ಬಾತ್‌ರೂಮ್‌ಗೆ ನಾಲ್ಕು, ಚಿಲಕ ಇಲ್ವಂತೆ."

ಹೆಡ್ ಮೇಡಮ್ ಪೆನ್ನು ಕೆಳಗಿಟ್ಟರು. "ನಂಗೆ?"

"ನಿಮ್ಗೆ ಎಂಟೂವರೆ. ಒಂಬತ್ತೇ ಇತ್ತು. ಬೇರೆಯವ್ರಿಗೆ ಮಾತಾಡಕ್ಕೇ ಬಿಡಲ್ವಂತೆ, ಅದಕ್ಕೆ ಅರ್ಧ ಕಟ್."

ನಾನು ಗೋಡೆಯ ಮೇಲಿನ ಭೂಪಟದಲ್ಲಿ ನಮ್ಮೂರು ಹುಡುಕುವವಳ ಹಾಗೆ ಆ ಕಡೆ ತಿರುಗಿದೆ. ಹಿಂದಿನಿಂದ ನಗು ಕೇಳಿಸಿತು. ತಿರುಗಿದರೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. "ಈ ಮಗು ಮಾತಾಡಲ್ಲ ಅಂದಿದ್ದು ಯಾರಮ್ಮಾ?" ಅಂತ ಮಗಳನ್ನು ಕೇಳಿದರು. ಮಗಳು ಅಳುತ್ತ ನಗುತ್ತ ಫಾರಮ್ಮಿಗೆ ಸಹಿ ಹಾಕುತ್ತಿದ್ದಳು.

ಹೊರಗಿನ ಜಗಲಿಗೆ ಬಂದು ಕೂತು, ನೋಟ್‌ಬುಕ್ಕನ್ನು ಮೊಮ್ಮಗಳ ತೊಡೆಯ ಮೇಲೆ ಇಟ್ಟೆ. "ತಪ್ಪಾತವ್ವಾ. ನಿನ್ನ ಮಾತಾಡಾಕ ಬಿಟ್ರಲ್ಲ, ಹೆಡ್ ಮೇಡಮ್ಮರಿಗೆ ಆ ಅರ್ಧ ಮಾರ್ಕ್ ತಿರುಗಿ ಕೊಡೂಣು. ಬರಿ."

ಅವಳು ಪೆನ್ಸಿಲ್ ಹಿಡಿದು ಯೋಚಿಸಿದಳು. "ಅರ್ಧ ಹೆಂಗ್ ಬರೆಯೋದು ಅಜ್ಜಿ? ನಂಗೆ ಬರಲ್ಲ."

"ಅದನ್ನ ಇಲ್ಲೇ ಕಲಿಸ್ತಾರ. ಸದ್ಯಕ್ಕ ಪೂರ್ತಿ ಒಂದು ಬರಿ."