ಚಳಿಗಾಲದಲ್ಲಿ ಕುದಿದ ವ್ಯಾನು

ಲಾಂಡ್ರಿಯ ವ್ಯಾನು ದಾರಿಯಲ್ಲಿ ಕುದಿದು ನಿಂತದ್ದಕ್ಕೆ ಡ್ರೈವರನ ನಿರ್ಲಕ್ಷ್ಯವೇ ಕಾರಣವೆಂದು ಮ್ಯಾನೇಜರು ಬೆಳಿಗ್ಗೆ ಒಂಬತ್ತಕ್ಕೆ ಬರೆದಿಟ್ಟರು. ಬಾನೆಟ್ಟನ್ನು ಇನ್ನೂ ಯಾರೂ ಎತ್ತಿ ನೋಡಿರಲಿಲ್ಲ.

"ಸಂಜೆಯೊಳಗೆ ಬೇರೆ ಕಾರಣ ತೋರಿಸು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ಡ್ರೈವರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ಚಳಿಗಾಲದಿಂದ ಅವನು ಮ್ಯಾನೇಜರಿಗೆ ಕೊಟ್ಟ ಅರ್ಜಿಗಳಲ್ಲೆಲ್ಲ ಒಂದೇ ಮಾತು: ಇಂಜಿನ್ನಿನ ಬಿಸಿ ಉಳಿಸುವ ಥರ್ಮೋಸ್ಟಾಟ್ ಕೆಟ್ಟು ತೆರೆದೇ ನಿಂತಿದೆ, ಹೀಟರಿನಲ್ಲಿ ತಣ್ಣನೆ ಗಾಳಿ ಬರುತ್ತದೆ, ವ್ಯಾನಿನಲ್ಲಿ ಬರುವ ಕೆಲಸದ ಹೆಂಗಸರು ದಾರಿಯುದ್ದಕ್ಕೂ ನಡುಗುತ್ತಾರೆ. ಬೆಚ್ಚಗೇ ಆಗದ ಆ ಇಂಜಿನ್ ಇವತ್ತು ಕುದಿದಿತ್ತು, ಉಪವಾಸ ಬಿದ್ದವನಿಗೆ ಅಜೀರ್ಣವಾದ ಹಾಗೆ.

ಎಳೆದು ತಂದ ವ್ಯಾನು ಅಂಗಳದಲ್ಲಿ ನಿಂತಿದ್ದೇ ತಡ, ಎಲ್ಲರೂ ಡಾಕ್ಟರಾದರು.

"ನೀರು ಕಮ್ಮಿ ಆಗಿರುತ್ತೆ ಅಣ್ಣಾ," ಎಂದು ಇಸ್ತ್ರಿ ಅಕ್ಕ ರೇಡಿಯೇಟರಿನ ಮುಚ್ಚಳಕ್ಕೇ ಕೈ ಹಾಕಿದಳು.

"ಅಯ್ಯೋ, ಮುಟ್ಟಬೇಡ! ಹಬೆಗೆ ಮುಖ ಬೆಂದುಹೋಗುತ್ತೆ!" ಡ್ರೈವರ್ ಕೂಗಿದ.

"ಇಪ್ಪತ್ತು ವರ್ಷದಿಂದ ಹಬೇಲಿ ಬೇಯ್ತಾನೇ ಇದೆ. ಹೊಸದಾಗಿ ಬೇಯೋಕೆ ಏನು ಉಳಿದಿದೆ?"

"ನೀರಲ್ಲ, ಬೆಲ್ಟು," ಅಂದ ವಾಚ್‌ಮನ್ ತಾತ. ಬೆಲ್ಟು ಸರಿಯಿತ್ತು. "ಹಾಗಾದ್ರೆ ಪಂಪು." ಪಂಪೂ ಸರಿಯಿತ್ತು. "ಪೈಪು ಸೋರ್ತಿರಬೇಕು ನೋಡೋ." ಒಂದು ಹನಿಯೂ ಸೋರುತ್ತಿರಲಿಲ್ಲ. ತಾತನ ಒಂದೊಂದು ಸಲಹೆಗೂ ಡ್ರೈವರನ ಒಂದೊಂದು ಬೆರಳು ತರಚಿತು. ನಾಲ್ಕು ಗಂಟೆಯ ಹೊತ್ತಿಗೆ ಅವನ ಕೈಗಳು ಮರಗಟ್ಟಿದ್ದವು.

ನೀರು ತುಂಬಿ ಇಂಜಿನ್ ಚಾಲೂ ಮಾಡಿದ. ಬಿಸಿ ತೋರಿಸುವ ಮುಳ್ಳು ಮತ್ತೆ ಕೆಂಪಿಗೇರಿತು. ಫ್ಯಾನೇನೋ ತಿರುಗುತ್ತಿತ್ತು, ಆದರೆ ಇಂಜಿನ್ ತಣಿಸುವ ರೇಡಿಯೇಟರಿಗೆ ಗಾಳಿಯ ಉಸಿರೇ ಸಿಗುತ್ತಿರಲಿಲ್ಲ. ಇಂಜಿನ್ ಆರಿಸಿ, ಮುಂದಿನ ಜಾಲರಿಯ ಹಿಂದೆ ಕೈ ತೂರಿಸಿದ. ಬೆರಳಿಗೆ ಉಣ್ಣೆ ಸಿಕ್ಕಿತು. ಎಳೆದ, ನಾಲ್ಕು ಮಡಿಕೆಯ ಕಂಬಳಿಯೊಂದು ಈಚೆ ಬಂತು.

ತಾತನ ಮುಖ ಬಿಳಿಚಿತು.

"ನಂದೇ ಕಣೋ. ಪಾಪ, ಹೆಣ್ಣುಮಕ್ಕಳು ನಡುಗ್ತಾ ಇಳೀತಾರಲ್ಲ, ಇಂಜಿನ್ ಬೇಗ ಬಿಸಿಯಾಗ್ಲಿ ಅಂತ ನಿನ್ನೆ ಸಂಜೆ ಹೊದಿಸಿದ್ದೆ. ಇಷ್ಟಕ್ಕೆಲ್ಲ ಕುದಿಯುತ್ತೆ ಅಂತ ನನಗೇನು ಗೊತ್ತು?"

"ಮತ್ತೆ ನೀನೇನು ಹೊದ್ಕೊಂಡೆ ತಾತ?"

"ಪೇಪರು."

ಹಿಂದಿನಿಂದ ಮ್ಯಾನೇಜರ ಕೆಮ್ಮು ಕೇಳಿಸಿತು. "ಸಿಕ್ತಲ್ಲ ಕಾರಣ! ಭೇಷ್!" ಕಾಗದದಲ್ಲಿ 'ಡ್ರೈವರ್' ಎಂಬುದನ್ನು ಹೊಡೆದುಹಾಕಿ 'ವಾಚ್‌ಮನ್' ಎಂದು ಬರೆದು ಮುಂದೆ ಚಾಚಿದರು. "ಸಾಕ್ಷಿ ಅಂತ ಸಹಿ ಹಾಕು. ನಾಳೆ ನೀನು ಬಾ, ಇವನು ಬೇಡ."

"ಸರ್, ಥರ್ಮೋಸ್ಟಾಟ್ ಹಾಕಿಸಿದ್ರೆ ಕಂಬಳಿ ಯಾಕೆ ಬೇಕಿತ್ತು? ಅದನ್ನೂ ಬರೀರಿ."

"ಅದನ್ನ ಬರೆದ್ರೆ ನನ್ನ ಹೆಸರು ಬರುತ್ತಲ್ಲಯ್ಯಾ. ನಿಮ್ಮಿಬ್ಬರಲ್ಲಿ ಒಬ್ಬರು ಸಾಕು ನನಗೆ."

"ಹಾಕಿಬಿಡೋ ಮಗಾ," ತಾತ ಪಿಸುಗುಟ್ಟಿದ. "ನಿನಗೆ ಮಕ್ಕಳಿವೆ."

ಡ್ರೈವರ್ ಪೆನ್ನು ತೆಗೆದುಕೊಂಡ. ಅದರ ಕ್ಯಾಪು ಹಾಕಿ ಮ್ಯಾನೇಜರ ಕೈಗೆ ವಾಪಸು ಕೊಟ್ಟ.

"ಹಾಕಲ್ಲ ಸರ್."