ಮೂರು ನೀಲಂ

ಶ್ರೀನಿವಾಸಪುರದಲ್ಲಿ ನೀಲಂ ಅಂದರೆ ಮಾವಿನಹಣ್ಣು. ಬೇರೆ ಕಡೆ ಅದಕ್ಕೆ ಬೇರೆ ಅರ್ಥವೂ ಉಂಟೆಂದು ಕಾವಲುಗಾರ ಆಂಜಿನಪ್ಪನಿಗೆ ಗೊತ್ತಿದ್ದರೆ ಆ ದಿನ ಅವನ ಜೀವ ಅಷ್ಟೊಂದು ಬಾಯಿಗೆ ಬರುತ್ತಿರಲಿಲ್ಲ.

ತಪ್ಪು ಅವನದೇ. ಮುಳಬಾಗಿಲಿನಿಂದ ಬಂದಿದ್ದ ಅತ್ತೆ ಮುನಿಯಲ್ಲಮ್ಮ ಎರಡು ದಿನದಿಂದ ಗುಡಿಸಿಲ ಬಾಗಿಲಲ್ಲಿ ಕೂತು, "ಮಾವಿನ ತೋಟ ಕಾಯೋನಿಗೆ ಮಗಳನ್ನ ಕೊಟ್ಟೆ, ಬಾಯಿಗೊಂದು ಹಣ್ಣಿಲ್ಲ" ಎಂದು ತೋಟಕ್ಕೆಲ್ಲ ಕೇಳುವಂತೆ ಗೊಣಗುತ್ತಿದ್ದಳು. ಆಷಾಢದ ಕೊನೆ. ಬಾವಿಯ ಪಕ್ಕದ ನೀಲಂ ಮರವೊಂದನ್ನು ಬಿಟ್ಟು ಮಿಕ್ಕ ಮರಗಳೆಲ್ಲ ಬರಿದಾಗಿದ್ದವು. ಆ ಮರವನ್ನು ತೋಟದ ಮಾಲೀಕ ಗೌಸ್ ಮೊಹಿದ್ದೀನ್ ಸಾಹೇಬರು ತಮ್ಮ ಬೀಗರಿಗೆಂದು ಮೀಸಲಿಟ್ಟಿದ್ದರು. ಅದರ ಹಣ್ಣು ಕಳುವಾದರೆ ಗುಡಿಸಿಲು ಖಾಲಿ ಮಾಡಬೇಕೆಂದೂ ಹೇಳಿದ್ದರು. ಆಂಜಿನಪ್ಪ ಮೂರು ಕಿತ್ತ. ಅತ್ತೆ ತಿಂದಳು. ಓಟೆಗಳನ್ನು ಅವನು ಗುಡಿಸಿಲ ಹಿಂದೆ ಹೂತುಬಿಟ್ಟ.

ಮಾರನೆಯ ಬೆಳಿಗ್ಗೆ ಬೇಲಿಯಾಚೆ ತಮಟೆ ಸದ್ದಾಯಿತು. ಆಮೇಲೆ ತಗಡಿನ ಕೊಳವೆಯೊಳಗಿಂದ ಒಂದು ದೊಡ್ಡ ಗಂಟಲು: "ಮೂರು ನೀಲಂ ಮಾಯ. ನೀಲಂ ದೊಂಗ ಎವರು? ಕಳ್ಳ ಯಾರು? ಕಾವಲುಗಾರನೇ? ಇವತ್ತು ಸಾಯಂಕಾಲ ಆರು ಗಂಟೆಗೆ, ಸಂತೆ ಮೈದಾನದ ಡೇರೆಯಲ್ಲಿ, ಎಲ್ಲರ ಕಣ್ಣೆದುರಿಗೇ ಗೊತ್ತಾಗುತ್ತೆ. ಹೆಂಗಸರಿಗೆ ಪ್ರತ್ಯೇಕ ಜಾಗ ಉಂಟು."

ಅದು ಟೆಂಟ್ ಸಿನಿಮಾದವರ ಎತ್ತಿನಗಾಡಿ. ಅದಕ್ಕೆ ಕಟ್ಟಿದ್ದ ಚಿತ್ರದಲ್ಲಿ ಟೋಪಿ ಹಾಕಿದ ಪತ್ತೇದಾರನ ಅಂಗೈಯಲ್ಲಿ ಮೂರು ನೀಲಿ ಹರಳುಗಳಿದ್ದವು. ಆದರೆ ಬೇಲಿಯ ಕತ್ತಾಳೆ ಆಳೆತ್ತರ ಬೆಳೆದಿತ್ತು, ಆಂಜಿನಪ್ಪನಿಗೆ ಗಾಡಿಯೂ ಕಾಣಲಿಲ್ಲ, ಚಿತ್ರವೂ ಕಾಣಲಿಲ್ಲ. ಕೈಯಲ್ಲಿದ್ದ ನೀರಿನ ಕೊಡ ಬಲಗಾಲಿನ ಮೇಲೆ ಬಿತ್ತು. ಹೆಂಗಸರನ್ನೂ ಕೂರಿಸಿ ಮಾನ ಕಳೆಯುತ್ತಾರಲ್ಲ ಎಂದುಕೊಂಡ.

ಗಡ್ಡವಿದ್ದರೆ ಕಳ್ಳನ ಹಾಗೆ ಕಾಣುತ್ತೇನೆಂದು ಕುಂಟುತ್ತಾ ಹುಣಿಸೆಮರದ ಕೆಳಗಿನ ಕ್ಷೌರಿಕ ಕೋದಂಡರಾಮಪ್ಪನ ಮುಂದೆ ಹೋಗಿ ಕೂತ. ಕೋದಂಡರಾಮಪ್ಪನಿಗೆ ಸಿನಿಮಾ ಹುಚ್ಚು. ಈ ಚಿತ್ರವನ್ನು ಕೋಲಾರದಲ್ಲಿ ಆಗಲೇ ನೋಡಿಬಂದಿದ್ದ.

"ಏನ್ಲಾ ಆಂಜಿ, ಕತ್ತು ಹಿಂಗೆ ನಡುಗ್ತದೆ? ನೀಲಂ ವಿಷಯ ಕೇಳಿದ್ಯಾ?"

"ಕೇಳ್ದೆ ಅಣ್ಣ."

"ಆ ಪತ್ತೇದಾರ ಸಾಮಾನ್ಯದವನಲ್ಲ ಕಣೋ. ಪೋಲೀಸ್ನೋನೂ ಅಲ್ಲ, ಬರೀ ಶೋಕಿಗೆ ಕಳ್ಳರನ್ನ ಹಿಡೀತಾನೆ. ನೆಲದ ಮೇಲೆ ಹೆಜ್ಜೆ ಕಂಡ್ರೆ ಸಾಕು. ಎಲ್ಲಿ ಮಣ್ಣು ಮೆತ್ತಗಿದ್ಯೋ ಅಲ್ಲಿ ಅಗೀತಾನೆ."

ಆಂಜಿನಪ್ಪ ಬಲಗಾಲನ್ನು ಪಂಚೆಯೊಳಗೆ ಎಳೆದುಕೊಂಡ. "ಕಳ್ಳ ಯಾರು ಅಂತ ನಿಂಗೆ ಗೊತ್ತಾ ಅಣ್ಣ?"

"ಗೊತ್ತು. ಕೋಲಾರದಲ್ಲೇ ತಿಳೀತು. ಈಗ ಬಾಯ್ಬಿಟ್ರೆ ಮಜಾ ಹೋಗ್ತದೆ." ಕೋದಂಡರಾಮಪ್ಪ ಕತ್ತಿಯನ್ನು ಅವನ ಗಂಟಲಿಗೆ ತಂದ. "ಕಾವಲುಗಾರಂಗೆ ಬೇಡಿ ಹಾಕ್ತಾರೆ ನೋಡು, ಅವನ ಹೆಂಡ್ತಿ ಅಳ್ತಾ ಹಿಂದೆ ಓಡಿಬರ್ತಾಳೆ. ನಂಗೇ ಕಣ್ಣಲ್ಲಿ ನೀರು ಬಂತು."

"ಆಮೇಲೆ?"

"ಆಮೇಲಿಂದು ಹೇಳಲ್ಲ. ನೀನೂ ಬಾ, ಊರೇ ಬರ್ತದೆ."

ಅರ್ಧ ಮುಖದ ಸೋಪು ಹಾಗೇ ಇತ್ತು. ಆಂಜಿನಪ್ಪ ಎದ್ದವನೇ ಮಾವಿನ ಮಂಡಿಗೆ ಓಡಿ, ಅಲ್ಲಿದ್ದ ಸಾಹೇಬರ ಕಾಲಿಗೆ ಬಿದ್ದ. "ಸಾಹೇಬ್ರೇ, ಬೇಡಿ ಹಾಕಿಸ್ಬೇಡಿ. ಮೂರು ನೀಲಂ ನಾನೇ ಕಿತ್ತಿದ್ದು. ಆರು ಗಂಟೆಗೆ ಮುಂಚೇನೇ ಒಪ್ಕೊಂತಿದೀನಿ."

ಸಾಹೇಬರಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ತಮಟೆ ನೆನಪಾಗಿ, ತಲೆಯ ಟೋಪಿ ಜಾರುವವರೆಗೆ ನಕ್ಕರು. "ಅರೆ ದೀವಾನೆ, ಅದು ಸಿನಿಮಾ. ಆ ನೀಲಂ ಕಲ್ಲು ಕಣೋ, ಉಂಗುರಕ್ಕೆ ಹಾಕೋದು." ಕಣ್ಣೊರೆಸಿಕೊಂಡು ಮುಖ ಬಿಗಿದರು. "ನಿಜ ಹೇಳ್ದೆ ಅಂತ ಬಿಟ್ಟಿದೀನಿ. ನಾಳೆ ಬೆಳಿಗ್ಗೆ ಬೀಗರ ಮನೆಗೆ ಹಣ್ಣು ಹೋಗ್ಬೇಕು. ಇನ್ನೊಂದು ಕಮ್ಮಿ ಆದ್ರೆ ಗುಡಿಸಿಲು ಖಾಲಿ ಮಾಡಿಸ್ತೀನಿ. ಹೋಗು, ಟೆಂಟಿನವ್ರಿಗೆ ನನ್ನ ಹೆಸರು ಹೇಳಿ ಸಿನಿಮಾ ನೋಡ್ಕೊಂಡು ಬಾ. ಬುದ್ಧಿ ಬರ್ತದೆ."

ಸುದ್ದಿ ಕೇಳಿ ಅತ್ತೆಯೂ ನಕ್ಕಳು. "ಗಂಗೂನೂ ಕರ್ಕೊಂಡ್ ಹೋಗಿ ಅಳಿಯಂದ್ರೇ. ತೋಟ ನಾನು ನೋಡ್ಕೊತೀನಿ." ಮದುವೆಯಾದಂದಿನಿಂದ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ಆಂಜಿನಪ್ಪ ಹೆಂಡತಿಯನ್ನು ಕರೆದುಕೊಂಡು ಆರು ಗಂಟೆಗೆ ಮುಂಚೆಯೇ ಹೊರಟ.

ಡೇರೆಯ ಮರಳಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ಅವನು ಸುಖವಾಗಿ ಸಿನಿಮಾ ನೋಡಿದ. ತೆರೆಯ ಮೇಲಿನ ಕಾವಲುಗಾರನಿಗೆ ಬೇಡಿ ಬಿದ್ದಾಗ ಜೋರಾಗಿ ಅತ್ತುಬಿಟ್ಟ. ಕೊನೆಗೆ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ನಿಲ್ಲಿಸಿ ಪರಭಾಷೆಯಲ್ಲಿ ಏನೋ ಹೇಳತೊಡಗಿದ. ಹಿಂದೆ ಕೂತಿದ್ದ ಕೋದಂಡರಾಮಪ್ಪ ಬಗ್ಗಿ ಅರ್ಥ ಬಿಡಿಸಿದ: "ಕಾವಲುಗಾರ ಅಲ್ಲ ಅಂತಾನೆ. ಮನೇವ್ರೆಲ್ಲ ತಮಾಷೆ ನೋಡೋಕೆ ಹೋದಾಗ ಹಿಂದೆ ಉಳ್ಕೊಂಡ ನೆಂಟರು ಯಾರು ಅಂತ ಯೋಚ್ನೆ ಮಾಡಿ ಅಂತಾನೆ."

ಆಂಜಿನಪ್ಪ ಯೋಚನೆ ಮಾಡಿದ. ಕಡಲೆಕಾಯಿ ಅಲ್ಲೇ ಚೆಲ್ಲಿ ಎದ್ದ. ಹೆಂಗಸರ ಕಡೆಯಿಂದ ಹೆಂಡತಿ ಚಿಕ್ಕಗಂಗಮ್ಮನನ್ನು ಎಬ್ಬಿಸಿಕೊಂಡು ಅವನು ಓಡಿದ ರಭಸಕ್ಕೆ ಡೇರೆಯ ಒಂದು ಗೂಟವೇ ಕಿತ್ತುಬಂತು.

ಬಾವಿಯ ಪಕ್ಕದ ಮರದಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಗುಡಿಸಿಲಲ್ಲಿ ಅತ್ತೆಯೂ ಇರಲಿಲ್ಲ, ಗೋಣಿಚೀಲಗಳೂ ಇರಲಿಲ್ಲ.

"ಮುಳಬಾಗಿಲ ಇದ್ದಿಲ ಬಸ್ಸಿಗೆ ಹೋದ್ರಪ್ಪ ನಿಮ್ಮತ್ತೆ" ಎಂದಳು ಪಕ್ಕದ ತೋಟದ ಕದಿರಮ್ಮ. "ಎರಡು ಮೂಟೆ ಇತ್ತು. ಬ್ಯಾಡ ಅಂದ್ರೂ ಅಳಿಯ ಕೇಳ್ಳಿಲ್ಲ ಅಂದ್ರು." ಇದ್ದಿಲು ಉರಿಸಿ ಓಡಿಸುವ, ಯಾವತ್ತೂ ಹೊತ್ತಿಗೆ ಸರಿಯಾಗಿ ಹೊರಡದ ಆ ಬಸ್ಸು ಅವತ್ತು ಹೊರಟುಬಿಟ್ಟಿತ್ತು.

ಚಿಕ್ಕಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮಮ್ಮನ್ನ ಕಳ್ಳಿ ಅಂತ ಒಂದು ಮಾತು ಆಡಿದ್ರೆ ನಾನೂ ಮುಂದಿನ ಬಸ್ಸಿಗೆ ಹೋಗ್ತೀನಿ."

ಅಷ್ಟರಲ್ಲಿ ಲಾಂದ್ರದ ಬೆಳಕು ಬಂತು. ಕಳ್ಳ ಸಿಗುವ ಹೊತ್ತಿಗೇ ಆಂಜಿನಪ್ಪ ಡೇರೆಯಿಂದ ಓಡಿದ್ದು ಕೋದಂಡರಾಮಪ್ಪನಿಗೆ ಅನುಮಾನ ತಂದಿತ್ತು. ಸಾಹೇಬರನ್ನು ಕರೆದುಕೊಂಡೇ ಬಂದಿದ್ದ. ಬಗ್ಗಿ ನೆಲ ನೋಡಿ, "ಹೆಜ್ಜೆ ನೋಡಿ ಸಾಹೇಬ್ರೇ, ಬಲಗಾಲು ಎಳ್ದಿದೆ" ಎಂದ. ಗುಡಿಸಿಲ ಹಿಂದಿನ ಮೆತ್ತನೆಯ ಮಣ್ಣನ್ನು ಕೆದಕಿ ಮೂರು ಓಟೆ ಹೊರಗೆ ತೆಗೆದ.

ಸಾಹೇಬರು ಓಟೆ ನೋಡಿದರು, ಬರಿದಾದ ಮರ ನೋಡಿದರು. ಈ ಸಲ ನಗಲಿಲ್ಲ.

"ಮೂರು ಅಂದಿದ್ಯಲ್ಲೋ ಆಂಜಿನಪ್ಪ?"

ಆಂಜಿನಪ್ಪ ಹೆಂಡತಿಯ ಕಡೆ ನೋಡಿದ. ಅವಳು ಮುಳಬಾಗಿಲ ದಾರಿಯ ಕಡೆ ನೋಡುತ್ತಿದ್ದಳು.

"ಎಣಿಸೋದ್ರಲ್ಲಿ ತಪ್ಪಾಯ್ತು ಸಾಹೇಬ್ರೇ" ಎಂದು ಹೇಳಿ, ಚಾಪೆ ಸುತ್ತುವುದಕ್ಕೆ ಗುಡಿಸಿಲೊಳಗೆ ಹೋದ.