ಫ್ಲೂ ವಾರ್ಡಿನಲ್ಲಿ ಗುಣವಾದವರ ಗುಟ್ಟು

ಇಚಲಕರಂಜಿಯ ಒಂದು ದವಾಖಾನೆಯ ಫ್ಲೂ ವಾರ್ಡಿನಲ್ಲಿ ನಾನು ಸಿಸ್ಟರ್. ಯಾರು ಬೇಗ ಗುಣವಾಗುತ್ತಾರೆ, ಯಾರಿಗೆ ತಡವಾಗುತ್ತದೆ ಅಂತ ಡಾಕ್ಟರು ವಯಸ್ಸು, ಸಕ್ಕರೆ, ಆಕ್ಸಿಜನ್ ಎಲ್ಲ ನೋಡಿ ಅಂದಾಜು ಮಾಡುತ್ತಾರೆ. ನಮ್ಮ ಪೇಶಂಟುಗಳು ಆ ಅಂದಾಜಿಗೆ ಸಿಗುವ ಜನವಲ್ಲ. ಥಂಡಿ ಶುರುವಾದರೆ ಸಾಕು, ಕೆಮ್ಮಿನ ಜೊತೆ ನಗುವೂ ಅಡ್ಮಿಟ್ ಆಗುತ್ತದೆ.

ವಯಸ್ಸು

ಅಜ್ಜ ಒಬ್ಬರು ಏದುಸಿರು ಬಿಡುತ್ತ ಬಂದರು. ವಯಸ್ಸಾದವರನ್ನು ಬೇಗ ಮನೆಗೆ ಬಿಡೋದಿಲ್ಲ ಅಂತ ಬಾಗಿಲಲ್ಲೇ ಯಾರೋ ಹೆದರಿಸಿದ್ದರು.

"ವಯಸ್ಸೆಷ್ಟ್ರೀ ಅಜ್ಜಾರ?" ಎಂದೆ.

"ಐವತ್ತೈದು ಬರ್ಕೋರಿ."

ಪಕ್ಕದಲ್ಲಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಖರೆ ಹೇಳ್ರಿ! ನಮ್ಮ ಹಿರೇ ಮಗಗ ಐವತ್ತಾರ ಆಗ್ಯಾವ!"

ಅಜ್ಜ ಸ್ವಲ್ಪವೂ ತಡಬಡಿಸಲಿಲ್ಲ. "ಅಂವಾ ಮೊದಲಿಂದೂ ಎಲ್ಲಾದ್ರಾಗೂ ಅವಸರ ಮಾಡ್ತಾನ್ರಿ, ಸಿಸ್ಟರ್."

ಮಲಗುವ ರೀತಿ

ಪುಣೆಯಿಂದ ಬಂದ ಹೊಸ ಡಾಕ್ಟರು ನನ್ನಿಂದ ನಾಲ್ಕು ಮಾತು ಕನ್ನಡ ಕಲಿತಿದ್ದರು. ಗಡಹಿಂಗ್ಲಜ ಕಡೆಯ ಕುರಿ ಕಾಯುವ ಕಾಕಾ ಒಬ್ಬರಿಗೆ ಉಸಿರು ಸರಾಗವಾಗಲಿ ಅಂತ ಬೋರಲು ಮಲಗಿಸಬೇಕಿತ್ತು.

"ಕಾಕಾ, ಹೊಟ್ಟಿ ಮ್ಯಾಲ ಮಲಗ್ರಿ," ಎಂದರು ಡಾಕ್ಟರು, ಹೆಮ್ಮೆಯಿಂದ.

ಕಾಕಾ ಪಕ್ಕದ ಮಂಚದ ದಪ್ಪ ಮನುಷ್ಯನನ್ನು ದಿಟ್ಟಿಸಿ ನೋಡಿದರು. "ಇವರದರ ಮ್ಯಾಲೇನ್ರಿ? ಚೊಲೋ ಮೆತ್ತಗ ಕಾಣಸ್ತದ."

ಸಕ್ಕರೆ

ಜೈನ ವ್ಯಾಪಾರಿ ಒಬ್ಬರ ಜ್ವರ ಇಳಿದರೂ ಸಕ್ಕರೆ ಇಳಿಯಲೊಲ್ಲದು. ಇನ್ಸುಲಿನ್ ಏರಿಸಿದಷ್ಟೂ ಅದೂ ಏರುತ್ತಿತ್ತು. ನಮ್ಮ ಹಿರಿಯ ಡಾಕ್ಟರು ಅವರ ಹೆಂಡತಿಯನ್ನು ಕೇಳಿದರು, "ಸಿಹಿ ಏನರ ಕೊಡ್ತೀರೇನ್ರಿ?"

"ಛೇ, ಒಂದು ಹನಿ ಸುದ್ಧಾ ಇಲ್ರಿ. ಕೆಮ್ಮಿಗೆ ಬರೇ ಕಷಾಯ."

ಥರ್ಮಾಸ್ ತೆಗೆದು ರುಚಿ ನೋಡಿದೆ. ಶುಂಠಿ, ಮೆಣಸು ಹೆಸರಿಗೆ ಮಾತ್ರ. ಉಳಿದದ್ದೆಲ್ಲ ಬೆಲ್ಲ, ಹಾಲು, ತುಪ್ಪ.

"ಅಕ್ಕಾರ, ಇದು ಪಾಯಸ ಐತ್ರಿ!"

ಯಜಮಾನರು ಹೊದಿಕೆಯೊಳಗಿಂದ ಮೆಲ್ಲಗೆ ಹೇಳಿದರು, "ಬಂದ್ ಮಾಡಸಬ್ಯಾಡ್ರಿ ಸಿಸ್ಟರ್. ಮನ್ಯಾಗ ಇಷ್ಟ ಚೊಲೋ ಪಾಯಸ ಎಂದೂ ಮಾಡಿಲ್ಲ ಆಕಿ."

ಆಕ್ಸಿಜನ್

ದಾನೋಳಿಯ ಒಬ್ಬ ಅಜ್ಜಿಯ ವಿಷಯದಲ್ಲಿ ಮಾತ್ರ ನಾವು ನಿಜಕ್ಕೂ ಹೆದರಿದ್ದೆವು. ಮಾಸ್ಕ್ ಹಾಕಿದರೆ ಆಕ್ಸಿಜನ್ ಏರುತ್ತಿತ್ತು, ಆದರೆ ಅಜ್ಜಿ ಮಾಸ್ಕ್ ಕಿತ್ತು ಸೊಸೆಗೆ ಫೋನ್ ಹಚ್ಚುತ್ತಿದ್ದರು: "ಎಮ್ಮಿಗೆ ಹಿಂಡಿ ಹಾಕ್ದಿ? ಅಷ್ಟ್ಯಾಕ ಹಾಕ್ದಿ?" ಮಷೀನು ಚೀರುತ್ತಿತ್ತು. ಹೀಗೇ ಆದರೆ ಕೊಲ್ಹಾಪುರಕ್ಕೆ ಕಳಿಸಿ ವೆಂಟಿಲೇಟರ್ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಮಗ ಗೋಡೆಗೆ ಮುಖ ಮಾಡಿ ಅತ್ತ.

ನಾನು ಸೊಸೆಗೆ ಫೋನ್ ಮಾಡಿದೆ. "ತಂಗಿ, ಇನ್ನ ನೀನ ಮಾತಾಡು. ಅವರು ಬರೇ ಕೇಳ್ಲಿ."

"ನಾನಾ? ಅತ್ತಿ ಮುಂದ ನಾ ಎಂದ ಮಾತಾಡೇನ್ರಿ!"

"ಈಗ ಮಾತಾಡು. ಬಾಯಿಗೆ ಮಾಸ್ಕ್ ಐತಿ, ಅವರಿಗೆ ತಿರುಗಿ ಅನ್ನಾಕ ಬರೂದಿಲ್ಲ."

ಫೋನಿನ ಸ್ಪೀಕರ್ ಹಚ್ಚಿ ಅಜ್ಜಿಯ ದಿಂಬಿನ ಪಕ್ಕ ಇಟ್ಟೆ. ಮೊದಲ ದಿನ ಸೊಸೆ ಹಾಲಿನ ಲೆಕ್ಕವನ್ನಷ್ಟೇ ಹೇಳಿ ಫೋನ್ ಇಟ್ಟಳು. ಮರುದಿನ ಧೈರ್ಯ ಬಂತು. "ಅತ್ತಿ, ಹಿಂಡಿ ನಾ ಹೆಚ್ಚಿಗೇ ಹಾಕೇನಿ. ಹಾಲೂ ಹೆಚ್ಚ ಆಗೈತಿ." ಅಜ್ಜಿಯ ಕಣ್ಣು ಅಗಲವಾದವು, ಕೈ ಮಾಸ್ಕಿಗೆ ಹೋಯಿತು. ನಾನು ಹಿಡಿದೆ. "ಈಗ ಬ್ಯಾಡ್ರಿ. ಮನಿಗೆ ಹೋಗಿ ಹೇಳೀರಂತ." ಆಮೇಲೆ ಅಜ್ಜಿಯ ಉಪ್ಪಿನಕಾಯಿ, ಅಜ್ಜಿಯ ಗೊರಕೆ, ಮೈದುನನ ಮದುವೆಯಲ್ಲಿ ಕೊಟ್ಟ ಸೀರೆಯ ಬಣ್ಣ, ಎಲ್ಲದರ ಮೇಲೂ ದೂರು ಬಂತು. ಇಡೀ ವಾರ್ಡು ಕಿವಿಗೊಟ್ಟು ಕೇಳಿತು. ಅಜ್ಜಿ ಬುಸುಗುಟ್ಟುತ್ತ ಮಾಸ್ಕಿನೊಳಗೇ ಉಸಿರೆಳೆದರು, ಆಕ್ಸಿಜನ್ ಏರಿತು.

ಮನೆಗೆ ಹೊರಡುವ ದಿನ ಬಾಗಿಲಲ್ಲಿ ನಿಂತ ಸೊಸೆ ಅಳುತ್ತಲೇ ನಗುತ್ತಿದ್ದಳು. ಹಿರಿಯ ಡಾಕ್ಟರು ಅಜ್ಜಿಯ ಬೆನ್ನು ತಟ್ಟಿದರು. "ಭಾಳ ಗಟ್ಟಿ ಇದ್ದೀರಿ. ದೇವರ ಹೆಸರ ಹಿಡದಿದ್ರೇನ್ರಿ?"

"ದೇವರನ್ನ ನೆನಸಾಕ ಪುರಸೊತ್ತ ಎಲ್ಲಿತ್ರಿ ಡಾಕ್ಟರ್ ಸಾಹೇಬ್ರ?" ಎಂದರು ಅಜ್ಜಿ, ಸೆರಗು ಬಿಗಿದುಕೊಳ್ಳುತ್ತ. "ಆಕಿ ಅಂದದ್ದೆಲ್ಲಾ ಒಂದೂ ಬಿಡದ ನೆನಪ ಇಟ್ಕೋಬೇಕಿತ್ತು. ನಾ ಸತ್ತಿದ್ರ ಆಕಿಗೆ ಜವಾಬ ಯಾರ ಕೊಡವ್ರು?"